ಬಂಗು ಮತ್ತು 15 ಗ್ರಾಂ ಟ್ಯೂಬು

ಆರು ವರ್ಷ ನನ್ನ ವ್ಯಾನಿಟಿ ಬ್ಯಾಗಿನ ಒಳಜಿಪ್ಪಿನಲ್ಲಿ ಒಂದು ಟ್ಯೂಬು ಇರುತ್ತಿತ್ತು. 15 ಗ್ರಾಂನದು. ಬಾಲದ ಕಡೆಯಿಂದ ಮಡಿಸುತ್ತಾ ಬಂದು, ಕೊನೆಗೆ ಬಾಚಣಿಗೆಯ ಬೆನ್ನಿನಿಂದ ಒತ್ತಿ, ಒಳಗೆ ಏನೂ ಉಳಿದಿಲ್ಲ ಅಂತ ಖಾತ್ರಿಯಾದ ಮೇಲೇ ಹೊಸದು ತರುವುದು. ಬಸ್ ಪಾಸು ಮರೆತು ಸ್ಕೂಲಿಗೆ ಹೋದ ದಿನಗಳಿವೆ, ಟ್ಯೂಬು ಮರೆತು ಹೊರಟದ್ದು ನೆನಪಿಲ್ಲ. ಮದುವೆಮನೆಯಲ್ಲಿ, ತಿಥಿಮನೆಯಲ್ಲಿ, ಚುನಾವಣೆ ಡ್ಯೂಟಿಗೆ ಹೋಗಿ ಯಾವುದೋ ಊರಿನ ಶಾಲೆಯ ಬೆಂಚಿನ ಮೇಲೆ ಮಲಗುವ ರಾತ್ರಿಯಲ್ಲೂ, ಹೆಸರುಕಾಳಿನಷ್ಟು ಬೆರಳಿಗೆ ತೆಗೆದು ಎರಡು ಕೆನ್ನೆಗೂ ಸವರಿಕೊಂಡೇ ಕಣ್ಣು ಮುಚ್ಚುತ್ತಿದ್ದೆ.

2020ರ ಜನವರಿಯಲ್ಲಿ ಮೈಸೂರಿನ ಚರ್ಮದ ಡಾಕ್ಟರಮ್ಮ ಆ ಟ್ಯೂಬನ್ನು ಬೆಳಕಿಗೆ ಹಿಡಿದು, ಕನ್ನಡಕ ಹಣೆಗೇರಿಸಿ, ಇರುವೆ ಸಾಲಿನಂಥ ಅಕ್ಷರಗಳನ್ನು ಓದಿ, "ಇದನ್ನ ಯಾರು ಬರೆದುಕೊಟ್ಟಿದ್ದು?" ಅಂತ ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. ಬರೆದುಕೊಟ್ಟವರು ಯಾರೂ ಇರಲಿಲ್ಲ.

ಬಂಗು ಅಂದರೆ ಗೊತ್ತಿಲ್ಲದ ಹೆಂಗಸರು ನಮ್ಮ ಮಂಡ್ಯದ ಕಡೆ ಇಲ್ಲ. ಕೆನ್ನೆಯ ಉಬ್ಬಿನಲ್ಲಿ, ಮೂಗಿನ ಮೇಲೆ, ಮೇಲ್ದುಟಿಯ ಮೇಲೆ ಕಂದು ಬಣ್ಣ ಚಹಾ ಚೆಲ್ಲಿದ ಹಾಗೆ ಹರಡಿಕೊಳ್ಳುತ್ತದೆ. ನೋಯುವುದಿಲ್ಲ, ತುರಿಸುವುದಿಲ್ಲ, ಇನ್ನೊಬ್ಬರಿಗೆ ಅಂಟುವುದಿಲ್ಲ. ಡಾಕ್ಟರುಗಳ ಬಾಯಲ್ಲಿ ಅದು ಮೆಲಾಸ್ಮ. ನನಗೆ ಬಂದದ್ದು 2012ರಲ್ಲಿ, ಎರಡನೇ ಬಸಿರಿನಲ್ಲಿ. ಬಾಣಂತನ ಮುಗಿದರೂ ಅದು ಮುಗಿಯಲಿಲ್ಲ. ನಮ್ಮತ್ತೆ ತಲೆಕೆಡಿಸಿಕೊಳ್ಳಲಿಲ್ಲ. "ಬುಡು ಮಗ, ಎರಡು ಹೆತ್ತೋಳ್ಗೆ ಬಂಗು ಬರ್ದೆ ಬಂಗಾರ ಬಂದದಾ" ಅಂದರು. ಹಾಗಂದರೂ ಸಾಣೆಕಲ್ಲು ತಂದು ಹಾಲಿನಲ್ಲಿ ಜಾಯಿಕಾಯಿ ತೇಯ್ದು ಹಚ್ಚಿದವರೂ ಅವರೇ. ಪಕ್ಕದ ಮನೆಯಾಕೆ ರಕ್ತಚಂದನ ಅಂದಳು. ನಮ್ಮಕ್ಕ ಫೋನಿನಲ್ಲಿ ನಿಂಬೆರಸ ಅಂದಳು. ನಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಇನ್ನಷ್ಟು ಕಪ್ಪಾಗುತ್ತದೆ ಅನ್ನುವುದನ್ನು ಅಕ್ಕ ಹೇಳಲಿಲ್ಲ. ಅವಳಿಗೂ ಗೊತ್ತಿರಲಿಲ್ಲ ಬಿಡಿ.

ಕಾರಣ ಕೇಳಿದರೆ ಒಬ್ಬೊಬ್ಬರದು ಒಂದೊಂದು. ಉಷ್ಣ, ಪಿತ್ತ, ರಕ್ತ ಕೆಟ್ಟಿದೆ, ಲಿವರ್ ಕೆಟ್ಟಿದೆ. ನಿಜವಾದ ಕಾರಣಗಳು ಇವುಗಳಿಗಿಂತ ಸಪ್ಪೆ: ಬಸಿರಿನ ಹಾರ್ಮೋನು, ಮನೆತನದಿಂದ ಬಂದದ್ದು, ಎಲ್ಲಕ್ಕಿಂತ ಮೇಲಾಗಿ ಬಿಸಿಲು. ನಮ್ಮಮ್ಮನಿಗೂ ಬಂಗು ಇತ್ತು. ಬಿಸಿಲಿನ ವಿಷಯಕ್ಕೆ ಬಂದರೆ, ನಾನು ಸರ್ಕಾರಿ ಪ್ರಾಥಮಿಕ ಶಾಲೆಯ ಟೀಚರು. ಬೆಳಗಿನ ಪ್ರಾರ್ಥನೆಗೆ ಮಕ್ಕಳು ಬಿಲ್ಡಿಂಗಿನ ಕಡೆ ಮುಖ ಮಾಡಿ ನಿಲ್ಲುತ್ತಿದ್ದರು, ನಾವು ಮಕ್ಕಳ ಕಡೆ, ಅಂದರೆ ಸೀದಾ ಪೂರ್ವಕ್ಕೆ. ನಾಡಗೀತೆಯಿಂದ ಹಿಡಿದು ವಾರ್ತೆ, ಪಂಚಾಂಗ, ಸುಭಾಷಿತ ಎಲ್ಲ ಮುಗಿಯುವಷ್ಟರಲ್ಲಿ ಕೆನ್ನೆ ಚುರುಗುಡುತ್ತಿತ್ತು. ಸಾಲದ್ದಕ್ಕೆ ಬಿಎಲ್‌ಒ ಕೆಲಸ. ಮತದಾರರ ಪಟ್ಟಿ ಹಿಡಿದು ಮನೆಮನೆ ಸುತ್ತುವವರು ಬೇರೆ ಯಾರೂ ಅಲ್ಲ, ನಾವೇ. ಯಾರು ಸತ್ತರು, ಯಾರು ಬೆಂಗಳೂರಿಗೆ ಹೋದರು ಅನ್ನುವುದನ್ನೆಲ್ಲ ನಾನು ಮಟಮಟ ಮಧ್ಯಾಹ್ನದಲ್ಲೇ ಬರೆದುಕೊಂಡಿದ್ದೇನೆ.

ಕ್ರೀಮಿನ ಹೆಸರು ಹೇಳಿದ್ದು 2014ರಲ್ಲಿ ನಮ್ಮ ಶಾಲೆಗೆ ವರ್ಗವಾಗಿ ಬಂದ ಒಬ್ಬ ಸಹೋದ್ಯೋಗಿ. ಸೀಮೆಸುಣ್ಣದ ಡಬ್ಬದ ಮುಚ್ಚಳ ಹರಿದು, ಅದರ ಮೇಲೆ ಹೆಸರು ಬರೆದು, "ಮೆಡಿಕಲ್‌ನಲ್ಲಿ ಇದನ್ನ ತೋರಿಸಿ, ಕೊಡ್ತಾರೆ" ಅಂದರು. ಕೊಟ್ಟರು. ಕೇಳದೇ ಕೊಟ್ಟರು. ಮೂರೇ ವಾರ. ಮುಖ ತೊಳೆದು ಕನ್ನಡಿ ನೋಡಿದರೆ ಕನ್ನಡಿಯೇ ಬೇರೆಯವರದು ಅನ್ನುವ ಹಾಗೆ! ಬಂಗು ಹೋಯಿತು, ಅದರ ಜೊತೆಗೆ ಬಣ್ಣವೂ ಒಂದು ಸುತ್ತು ತಿಳಿಯಾಯಿತು. ನಾದಿನಿಯ ಮದುವೆ ಆಲ್ಬಂನಲ್ಲಿ ನಾನು ಚೆನ್ನಾಗಿ ಬಂದಿದ್ದೇನೆ, ಸುಳ್ಳು ಹೇಳುವುದಿಲ್ಲ. ಆ ಮದುವೆಯಲ್ಲಿ ಏಳೆಂಟು ಜನ ಹೆಂಗಸರಿಗೆ ಅದೇ ಹೆಸರು ಬರೆದುಕೊಟ್ಟೆ. ಈ ಬರಹದಲ್ಲಿ ತಪ್ಪೊಪ್ಪಿಗೆ ಅಂತ ಏನಾದರೂ ಇದ್ದರೆ ಅದು ಇದೇ.

ಎರಡು ದಿನ ಬಿಟ್ಟರೆ ಬಂಗು ಮತ್ತೆ ಇಣುಕುತ್ತಿತ್ತು. ಹಾಗಾಗಿ ಬಿಡಲಿಲ್ಲ. ಮೂರನೇ ವರ್ಷಕ್ಕೆ ಒಲೆಯ ಮುಂದೆ ನಿಂತರೆ ಮುಖ ಉರಿಯತೊಡಗಿತು. ನಾಲ್ಕನೇ ವರ್ಷಕ್ಕೆ ಮೂಗಿನ ಎರಡೂ ಬದಿ ಕೆಂಪು ದಾರದಂಥ ರಕ್ತನಾಳ. ಕೆನ್ನೆಯ ಮೇಲೆ ಗಂಡುಹುಡುಗರಿಗೆ ಮೀಸೆ ಮೂಡುವ ಮುಂಚಿನ ನವಿರು. ಮಗಳಿಗೆ ಬರಬೇಕಿದ್ದ ಮೊಡವೆ ನನಗೆ ಬಂತು, 38ನೇ ವಯಸ್ಸಿನಲ್ಲಿ. ಹಚ್ಚಿದರೆ ಉರಿ ತಣ್ಣಗಾಗುತ್ತಿತ್ತು. ಕ್ರೀಮೇ ಮದ್ದು ಅಂತ ನನ್ನ ಲೆಕ್ಕ. ಅದೇ ರೋಗ ಅಂತ ಯಾರು ಹೇಳಬೇಕು?

ಮೈಸೂರಿನ ಆ ಕ್ಲಿನಿಕ್ಕಿನ ಬೋರ್ಡು ನನಗೆ ಈಗ ಬಾಯಿಪಾಠ. ಮೇಲಿನ ಸಾಲು: ಚರ್ಮ, ಲೈಂಗಿಕ ಮತ್ತು ಕುಷ್ಠರೋಗ ತಜ್ಞರು. ಕೆಳಗೆ, ಆಮೇಲೆ ಅಂಟಿಸಿದ ಹೊಳೆಯುವ ಅಕ್ಷರದಲ್ಲಿ: ಲೇಸರ್, ಪೀಲ್, ಬೊಟಾಕ್ಸ್, ಪಿಆರ್‌ಪಿ. ಮೊದಲ ಸಲ ಹೊರಗೆ ನಿಂತು ಓದಿ, ಒಳಗೆ ಹೋಗಲು ಹಿಂದೆಮುಂದೆ ನೋಡಿದೆ. ಮೇಲಿನ ಸಾಲು ನೋಡಿ ಯಾರಾದರೂ ಪರಿಚಯದವರು ಕಂಡುಬಿಟ್ಟರೆ ಅನ್ನುವ ಭಯ, ಕೆಳಗಿನ ಸಾಲು ನೋಡಿ ಜೇಬಿನ ಭಯ. ಎಂಬಿಬಿಎಸ್ ಆದ ಮೇಲೆ ಮೂರು ವರ್ಷ ಓದಿ ಪಡೆಯುವ ಎಂಡಿ ಪದವಿಯ ಹೆಸರಿನಲ್ಲೇ ಈ ಮೂರೂ ಒಟ್ಟಿಗಿವೆ ಅಂತ ಆಮೇಲೆ ತಿಳಿಯಿತು. ನಾಲ್ಕನೆಯದನ್ನು, ಅಂದದ ಬಾಬತ್ತನ್ನು, ಕಾಲ ತಂದು ಸೇರಿಸಿದೆ.

ಡಾಕ್ಟರಮ್ಮ ನನ್ನನ್ನು ಕೂರಿಸಿ ಒಂದು ನಿಮಿಷ ಸುಮ್ಮನೆ ನೋಡಿದರು. "ಬ್ಯಾಗಲ್ಲಿ ಒಂದು ಟ್ಯೂಬ್ ಇರುತ್ತೆ, ತೆಗೀರಿ ಅಮ್ಮ" ಅಂದರು. ನನಗೆ ಕಳ್ಳತನದಲ್ಲಿ ಸಿಕ್ಕಿಬಿದ್ದ ಹಾಗಾಯಿತು. ಹೇಗೆ ಗೊತ್ತಾಯಿತು ಅಂದರೆ ನಕ್ಕು, "ಕೈ ನೋಡಿಕೊಳ್ಳಿ, ಮುಖ ನೋಡಿಕೊಳ್ಳಿ. ಎರಡಕ್ಕೂ ಒಂದೇ ವಯಸ್ಸು ಅಂತ ಅನ್ನಿಸುತ್ತಾ?" ಅಂದರು.

ಆ ಟ್ಯೂಬಿನಲ್ಲಿ ಮೂರು ಔಷಧಿ ಇದ್ದವು. ಬಣ್ಣ ಹುಟ್ಟುವುದನ್ನು ತಡೆಯುವ ಹೈಡ್ರೋಕ್ವಿನೋನ್, ಚರ್ಮದ ಹೊರಪದರ ಬೇಗ ಕಳಚುವ ಹಾಗೆ ಮಾಡುವ ಟ್ರೆಟಿನಾಯಿನ್, ಇವೆರಡರ ಉರಿ ಕಾಣದಂತೆ ಮಾಡುವ ಒಂದು ಸ್ಟೀರಾಯ್ಡ್. ಈ ಜೋಡಣೆ ನಿನ್ನೆ ಮೊನ್ನೆಯದಲ್ಲ. 1975ರಲ್ಲಿ ಅಮೆರಿಕದ ಕ್ಲಿಗ್‌ಮನ್ ಮತ್ತು ವಿಲಿಸ್ ಅನ್ನುವ ವೈದ್ಯರು ಮೊದಲು ಪ್ರಕಟಿಸಿದ ಸೂತ್ರದ ಮೊಮ್ಮಗ ಇದು. ಔಷಧಿ ಕೆಟ್ಟದ್ದಲ್ಲ, ಬಂಗಿಗೆ ಇವತ್ತಿಗೂ ಕೊಡುತ್ತಾರೆ. ಆದರೆ ವೈದ್ಯರ ಕಣ್ಣೆದುರು, ಎಂಟು ವಾರ ಮೀರದ ಹಾಗೆ. ನಾನು ಹಚ್ಚಿದ್ದು ಸುಮಾರು 300 ವಾರ. ಈ ತರದ ಲೆಕ್ಕ ನಾಲ್ಕನೇ ಕ್ಲಾಸಿನ ಮಕ್ಕಳಿಗೆ ನಾನೇ ಮಾಡಿಸುತ್ತೇನೆ.

2018ರಲ್ಲಿ ಕೇಂದ್ರ ಸರ್ಕಾರ ಸ್ಟೀರಾಯ್ಡ್ ಇರುವ ಹಚ್ಚುವ ಔಷಧಿಗಳನ್ನು ಶೆಡ್ಯೂಲ್ ಎಚ್ ಪಟ್ಟಿಗೆ ತಂದಿತು, ಚೀಟಿ ಇಲ್ಲದೆ ಮಾರುವ ಹಾಗಿಲ್ಲ. ನನ್ನ ಟ್ಯೂಬಿನ ಮೇಲೂ ಕೆಂಪು ಚೌಕದಲ್ಲಿ ಎಚ್ಚರಿಕೆ ಅಚ್ಚಾಗಿತ್ತು, ಇಂಗ್ಲಿಷಿನಲ್ಲಿ. 2018 ಆದ ಮೇಲೂ ಎರಡು ವರ್ಷ ನಾನು ಯಾವ ಚೀಟಿಯೂ ಇಲ್ಲದೆ ತಂದೆ, ಚಿಲ್ಲರೆಗೆ ಎರಡು ಚಾಕೊಲೇಟೂ ಕೊಡುತ್ತಿದ್ದರು. ನನ್ನಂಥವರು ಎಷ್ಟು ಜನ ಅಂದರೆ, ನಮ್ಮ ದೇಶದ ಚರ್ಮವೈದ್ಯರು ಈ ಸ್ಥಿತಿಗೇ ಒಂದು ಹೆಸರು ಇಟ್ಟಿದ್ದಾರೆ. ಕನ್ನಡದಲ್ಲಿ ಹೇಳುವುದಾದರೆ, ಸ್ಟೀರಾಯ್ಡ್ ಹಾಳುಮಾಡಿದ ಮುಖ.

ಕೋಣೆಯ ದೀಪ ಆರಿಸಿ ವುಡ್ಸ್ ಲ್ಯಾಂಪ್ ಅನ್ನುವ ನೇರಳೆ ದೀಪ ಹಿಡಿದರು. ಕೈಯಲ್ಲಿ ಹಿಡಿಯುವ ಭೂತಗನ್ನಡಿಯ ಸುತ್ತ ಟ್ಯೂಬ್‌ಲೈಟ್ ಸುತ್ತಿದ ಹಾಗಿತ್ತು. ಸೀರೆಯ ಮೇಲಿನ ಹತ್ತಿಯ ಎಳೆಗಳು, ಸೀಮೆಸುಣ್ಣದ ಪುಡಿ, ಉಗುರು, ಎಲ್ಲ ನಕ್ಷತ್ರದ ಹಾಗೆ ಹೊಳೆದವು. ಬಂಗು ಮೇಲ್ಪದರದಲ್ಲಿದ್ದರೆ ಆ ಬೆಳಕಿನಲ್ಲಿ ಎದ್ದು ಕಾಣುತ್ತದೆ, ಆಳಕ್ಕೆ ಇಳಿದಿದ್ದರೆ ಅಷ್ಟು ಕಾಣುವುದಿಲ್ಲ. ನನ್ನದು ಎರಡೂ ಬೆರೆತದ್ದು. ಆಮೇಲೆ ಚೀಟಿ ಬರೆದರು. ಒಂದು ಸಾದಾ ಮಾಯಿಶ್ಚರೈಸರ್, ಸ್ಟೀರಾಯ್ಡ್ ಅಲ್ಲದ ಟ್ಯಾಕ್ರೋಲಿಮಸ್ ಮುಲಾಮು, ಕೆಲವು ವಾರ ಡಾಕ್ಸಿಸೈಕ್ಲಿನ್ ಮಾತ್ರೆ, ಸನ್‌ಸ್ಕ್ರೀನ್. ಬಂಗಿಗೆ? "ಸದ್ಯಕ್ಕೆ ಏನೂ ಇಲ್ಲ." ಟ್ಯೂಬನ್ನು ಮೇಜಿನ ಡ್ರಾಯರಿಗೆ ಹಾಕಿಕೊಂಡರು. ಡ್ರಾಯರಿನಲ್ಲಿ ಅಂಥವು ಇನ್ನೂ ಹತ್ತಿಪ್ಪತ್ತು ಇದ್ದವು, ಬೇರೆಬೇರೆ ಬಣ್ಣದವು, ಎಲ್ಲವೂ ಬಾಲ ಮಡಿಸಿಕೊಂಡವು.

"ಮೂರು ತಿಂಗಳು ನನ್ನ ಬೈಕೊಳ್ಳಿ. ಆಮೇಲೆ ಬನ್ನಿ" ಅಂದರು.

ಬೈದೆ. ನಾಲ್ಕನೇ ದಿನಕ್ಕೆ ಮುಖ ಟೊಮೇಟೊ ಆಯಿತು. ಕೆಂಡ ಮೆತ್ತಿದ ಹಾಗೆ ಉರಿ. ರಾತ್ರಿ ಎದ್ದು ಒದ್ದೆ ಬಟ್ಟೆ ಹಾಕಿಕೊಂಡು ಹಜಾರದ ಬರಿನೆಲದ ಮೇಲೆ ಫ್ಯಾನಿನ ಕೆಳಗೆ ಮಲಗುತ್ತಿದ್ದೆ. ಅತ್ತೆ ಬಂದು ನೋಡಿ, "ಆ ಡಾಕ್ಟ್ರುಗೆ ದುಡ್ಡು ಕೊಟ್ಟು ಸುಡಿಸ್ಕೊಂಡು ಬಂದವ್ಳೆ" ಅಂತ ನಮ್ಮ ಯಜಮಾನರಿಗೆ ಹೇಳಿದ್ದು ಕೇಳಿಸಿತು. ಒಂದು ಹನಿ ಆ ಹಳೇ ಕ್ರೀಮು ಹಚ್ಚಿದರೆ ಬೆಳಗಾಗುವಷ್ಟರಲ್ಲಿ ಎಲ್ಲ ಶಾಂತ ಅಂತ ಗೊತ್ತಿತ್ತು. ಮೆಡಿಕಲ್ ಶಾಪು ಮನೆಯಿಂದ ಇನ್ನೂರು ಹೆಜ್ಜೆ. ಎರಡು ಸಲ ಚಪ್ಪಲಿ ಮೆಟ್ಟಿ ಗೇಟಿನ ತನಕ ಹೋಗಿ ವಾಪಸು ಬಂದಿದ್ದೇನೆ. ಕುಡಿತ ಬಿಡಿಸುವ ಕ್ಯಾಂಪಿಗೆ ಹೋಗಿ ಬಂದ ನಮ್ಮ ಸಂಬಂಧಿಕರೊಬ್ಬರ ಕಷ್ಟ ನನಗೆ ಅರ್ಥವಾದದ್ದು ಆವಾಗ.

ಮಾರ್ಚಿನಲ್ಲಿ ಶಾಲೆ ಮುಚ್ಚಿದವು, ಊರೇ ಮುಚ್ಚಿತು. ಹೇಳಬಾರದು, ಆದರೂ ಹೇಳುತ್ತೇನೆ: ಇಡೀ ಜಗತ್ತು ಮಾಸ್ಕು ಹಾಕಿಕೊಂಡದ್ದರಿಂದ ನನ್ನ ಮುಖಕ್ಕೆ ಪುಣ್ಯ ಬಂತು. ಆ ಆಗಸ್ಟಿನಲ್ಲಿ ವಿದ್ಯಾಗಮ ಅಂತ ಊರಿನ ಅರಳಿಕಟ್ಟೆಯಲ್ಲಿ ಪಾಠ ಶುರುವಾಗುವಷ್ಟರಲ್ಲಿ ಉರಿ ಹೋಗಿತ್ತು, ಕೆಂಪು ಅರ್ಧ ಇಳಿದಿತ್ತು. ಬಂಗು ಮಾತ್ರ ತನ್ನ ಪೂರ್ತಿ ರೂಪದಲ್ಲಿ ವಾಪಸು ಬಂದು ಕೂತಿತ್ತು, ಆರು ವರ್ಷದ ಬಡ್ಡಿ ಸಮೇತ.

ಆಮೇಲಿನ ಎರಡು ಮೂರು ವರ್ಷ ಒಂದೆರಡು ತಿಂಗಳಿಗೊಮ್ಮೆ ಮೈಸೂರು. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಹೊರಟರೆ, ಶ್ರೀರಂಗಪಟ್ಟಣದಲ್ಲಿ ಹೊಳೆ ದಾಟಿ, ಕ್ಲಿನಿಕ್ಕಿನ ಬೆಂಚು ಸೇರುವಾಗ ಟೋಕನ್ ನಂಬರು ಮೂವತ್ತರ ಮೇಲೆ. ನನ್ನ ಚಿಕಿತ್ಸೆಗಿಂತ ಹೆಚ್ಚು ಕಲಿತದ್ದು ಆ ಬೆಂಚಿನ ಮೇಲೆ.

ಒಂದು ದಿನ ಪಕ್ಕದಲ್ಲಿ ಒಂದು ಇಡೀ ಸಂಸಾರ ಕೂತಿತ್ತು, ಗಂಡ, ಹೆಂಡತಿ, ಅಜ್ಜಿ, ಎರಡು ಮಕ್ಕಳು. ಎಲ್ಲರಿಗೂ ಹುಳುಕಡ್ಡಿ. ಐದು ಜನಕ್ಕೆ ಒಂದೇ ಟ್ಯೂಬು, ಅದರಲ್ಲೂ ಸ್ಟೀರಾಯ್ಡ್. ಹಚ್ಚಿದಾಗ ತುರಿಕೆ ನಿಲ್ಲುತ್ತದೆ, ಬೂಷ್ಟು ಮಾತ್ರ ಒಳಗೊಳಗೇ ಹಬ್ಬುತ್ತದೆ. ಒಂದು ಉಂಗುರದ ಒಳಗೆ ಇನ್ನೊಂದು ಉಂಗುರ, ಕಲ್ಲು ಹಾಕಿದ ಕೆರೆಯ ಹಾಗೆ. ಮೊಂಡು ಬ್ಲೇಡಿನಿಂದ ಅಂಚು ಕೆರೆದು, ಹೊಟ್ಟನ್ನು ಗಾಜಿನ ಮೇಲಿಟ್ಟು, ಒಂದು ಹನಿ ಕ್ಷಾರ ಬಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ನನಗೂ ತೋರಿಸಿದರು, ಟೀಚರು ಅನ್ನುವ ಸಲುಗೆಯಿಂದ. ಹಸಿರು ಮಬ್ಬಿನಲ್ಲಿ ಮುರಿದ ಬಿದಿರಿನ ಕಡ್ಡಿಗಳು ಚೆಲ್ಲಾಡಿದ ಹಾಗೆ. ಮಾಮೂಲಿ ಮಾತ್ರೆಗೆ ಬಗ್ಗದ ಒಂದು ತಳಿಗೆ 2020ರಲ್ಲಿ ವಿಜ್ಞಾನಿಗಳು ಇಟ್ಟ ಹೆಸರು ಟ್ರೈಕೋಫೈಟಾನ್ ಇಂಡೋಟಿನಿಯೇ. ಹೆಸರಿನಲ್ಲೇ ನಮ್ಮ ದೇಶ ಕೂತಿದೆ. ಹೆಮ್ಮೆಪಡುವ ವಿಷಯವೇನಲ್ಲ. ಆ ಸಂಸಾರಕ್ಕೆ ಡಾಕ್ಟರಮ್ಮ ಹದಿನೈದು ನಿಮಿಷ ಹೇಳಿದ್ದೆಲ್ಲ ಬಟ್ಟೆಯ ಕಥೆ: ಒಬ್ಬೊಬ್ಬರಿಗೆ ಒಂದೊಂದು ಟವೆಲ್ಲು, ಬಿಸಿನೀರಿನಲ್ಲಿ ಒಗೆಯುವುದು, ಬಿಸಿಲಿಗೆ ಒಣಗಿಸುವುದು, ಹುಡುಗನ ಬಿಗಿ ಜೀನ್ಸ್ ಬಿಡಿಸುವುದು.

ಇನ್ನೊಮ್ಮೆ ಒಬ್ಬ ಅಜ್ಜಿ. ಹಣೆಯ ಮೇಲೆ ಎಂಟಾಣೆ ಅಗಲದ ಬಿಂದಿ. ಅದನ್ನು ಕಿತ್ತರೆ ಕೆಳಗೆ ಅಷ್ಟೇ ಅಗಲದ ಬಿಳಿ. ಸ್ಟಿಕ್ಕರ್ ಬಿಂದಿಯ ಅಂಟಿನಲ್ಲಿರುವ ಒಂದು ಬಗೆಯ ಫೀನಾಲು ಬಣ್ಣ ತಯಾರಿಸುವ ಜೀವಕೋಶಗಳನ್ನೇ ಕೊಲ್ಲಬಲ್ಲದು. ಮೊದಲು ಸಾಸಿವೆಯಷ್ಟು ಬಿಳಿ ಕಂಡಿದೆ. ಅದನ್ನು ಮುಚ್ಚಲು ಅಜ್ಜಿ ಸ್ವಲ್ಪ ದೊಡ್ಡ ಬಿಂದಿ ಇಟ್ಟಿದ್ದಾರೆ. ಬಿಳಿ ಅಷ್ಟಕ್ಕೆ ಬೆಳೆದಿದೆ. ಇನ್ನೂ ದೊಡ್ಡ ಬಿಂದಿ. ನನ್ನ ಕಥೆಯನ್ನೇ ಯಾರೋ ಕಿರಿದಾಗಿ ಬರೆದು ಅಜ್ಜಿಯ ಹಣೆಗೆ ಅಂಟಿಸಿದ ಹಾಗೆ ಕಂಡಿತು.

ಒಳಗಿನ ಕೋಣೆಯಲ್ಲಿ ಬೀರುವಿನಂಥದ್ದೊಂದು ಇದೆ, ಒಳಗೋಡೆ ಪೂರ್ತಿ ಟ್ಯೂಬ್‌ಲೈಟು. 311 ನ್ಯಾನೊಮೀಟರಿನ ನೇರಳಾತೀತ ಬೆಳಕು. ತೊನ್ನಿನ ಮಗುವೊಂದು ಕಪ್ಪು ಕನ್ನಡಕ ಹಾಕಿಕೊಂಡು ಅದರೊಳಗೆ ನಿಂತು, ಹೊರಗಿನಿಂದ ಅಪ್ಪ ಒಂದು, ಎರಡು ಅಂತ ಎಣಿಸುವುದನ್ನು ತಾನೂ ಎಣಿಸುತ್ತಿತ್ತು. ವಾರಕ್ಕೆ ಎರಡು ಮೂರು ಸಲ, ತಿಂಗಳುಗಟ್ಟಲೆ. ದೇಹದ ಕಾವಲುಪಡೆಯೇ ತಪ್ಪು ತಿಳಿದು ಬಣ್ಣದ ಕೋಶಗಳ ಮೇಲೆ ಬೀಳುವುದು ಈ ತೊನ್ನು. ಮೀನು ತಿಂದು ಹಾಲು ಕುಡಿದರೆ ಬರುತ್ತದೆ ಅಂತ ನಮ್ಮೂರಿನಲ್ಲಿ ಈಗಲೂ ನಂಬುವವರಿದ್ದಾರೆ. ನಾನೂ ನಂಬಿದ್ದೆ. ಅಪ್ಪ ಹೇಳಿದರು, ಶಾಲೆಯಲ್ಲಿ ಪಕ್ಕದಲ್ಲಿ ಯಾರೂ ಕೂರುವುದಿಲ್ಲವಂತೆ. ನನ್ನ ಮುಂದೆ ಅದನ್ನು ಹೇಳುವಾಗ ನಾನು ಟೀಚರು ಅಂತ ಅವರಿಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ.

ಕೆ.ಆರ್. ಪೇಟೆ ಕಡೆಯ ಒಬ್ಬ ಯಜಮಾನರು ತೋಳಿನ ಮೇಲೆ ತೆಳುಬಣ್ಣದ ಒಂದು ಮಚ್ಚೆ ಇಟ್ಟುಕೊಂಡು ಬಂದಿದ್ದರು. ಬಾಗಿಲು ಅರೆ ತೆರೆದಿತ್ತು. ಕಣ್ಣು ಮುಚ್ಚಿಸಿ ಹತ್ತಿಯ ಎಳೆಯಿಂದ ಮುಟ್ಟಿ "ಎಲ್ಲಿ ಮುಟ್ಟಿದೆ?" ಅಂತ ಕೇಳುತ್ತಿದ್ದರು. ಮಚ್ಚೆಯ ಹೊರಗೆ ಮುಟ್ಟಿದಾಗಲೆಲ್ಲ ಯಜಮಾನರು ಬೆರಳಿಟ್ಟು ತೋರಿಸಿದರು. ಒಳಗೆ ಮುಟ್ಟಿದಾಗ "ಮುಟ್ಟಿ ಮತ್ತೆ" ಅಂತ ಕಾಯುತ್ತಾ ಕೂತರು. ಬೆಂಚಿನ ಮೇಲೆ ಇದ್ದ ನಮಗೆಲ್ಲ ಅರ್ಥವಾಯಿತು. ಯಾರೂ ಎದ್ದು ಹೋಗಲಿಲ್ಲ, ಆದರೆ ಒಬ್ಬಾಕೆ ಮಗುವನ್ನು ಮಡಿಲಿಗೆ ಎಳೆದುಕೊಂಡಳು. ಕುಷ್ಠಕ್ಕೆ 1982ರಿಂದ ಬಹುಔಷಧ ಚಿಕಿತ್ಸೆ ಇದೆ, ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ, ಆರು ತಿಂಗಳು ಅಥವಾ ಒಂದು ವರ್ಷ ನುಂಗಿದರೆ ಮುಗಿಯಿತು. ಇಷ್ಟಾದರೂ ಗಂಡನಿಗೋ ಹೆಂಡತಿಗೋ ಕುಷ್ಠ ಅನ್ನುವುದು ವಿಚ್ಛೇದನಕ್ಕೆ ಒಂದು ಕಾರಣ ಅಂತ ನಮ್ಮ ಕಾನೂನಿನಲ್ಲಿ 2019ರ ತನಕ ಬರೆದಿತ್ತು. ಬೆಂಗಳೂರಿನವರು ದಿನಾ ಬೈದುಕೊಂಡು ದಾಟುವ ಸುಮನಹಳ್ಳಿ ಫ್ಲೈಓವರಿನ ಆ ಹೆಸರು ಕುಷ್ಠರೋಗಿಗಳ ಪುನರ್ವಸತಿ ಕೇಂದ್ರದ್ದು ಅನ್ನುವುದು ಎಷ್ಟು ಜನಕ್ಕೆ ಗೊತ್ತು?

ಇವರ ನಡುವೆಯೇ ಬೋರ್ಡಿನ ಕೆಳಸಾಲಿನ ಜನವೂ ಕೂತಿರುತ್ತಿದ್ದರು. ಕೂಲಿಂಗ್ ಗ್ಲಾಸು, ಸೆಂಟಿನ ಘಮ. ಮೊದಮೊದಲು ನನಗೆ ಅವರ ಮೇಲೆ ಒಂದು ತಾತ್ಸಾರ. ನಮಗೆ ಕಾಯಿಲೆ, ಇವರಿಗೆ ಶೋಕಿ ಅಂತ. (ಬಂಗು ಎಲ್ಲಿಯ ಕಾಯಿಲೆ ಅಂತ ನನ್ನನ್ನೇ ಕೇಳಿಕೊಳ್ಳಲಿಲ್ಲ ನೋಡಿ.) ಒಬ್ಬ ಸಾಫ್ಟ್‌ವೇರ್ ಹುಡುಗ ಬೊಟಾಕ್ಸ್‌ಗೆ ಬಂದಿದ್ದ. ಇಪ್ಪತ್ತೈದರ ಮುಖಕ್ಕೆ ಯಾವ ಸುಕ್ಕು ಅಂತ ಒಳಗೇ ನಕ್ಕೆ. ಟೋಕನ್ ಕಾಗದ ಅವನ ಕೈಯಲ್ಲಿ ನೆನೆದು ಮುದ್ದೆಯಾಗಿತ್ತು. ಅಂಗೈ ಬೆವರುವ ತೊಂದರೆ. ಕೈಕುಲುಕಲು ಹೆದರುತ್ತಾನೆ, ಕೀಬೋರ್ಡಿನ ಮೇಲೆ ಕರ್ಚೀಫು ಹಾಸಿಕೊಳ್ಳುತ್ತಾನೆ. ಬೆವರಿನ ಗ್ರಂಥಿಗೆ ನರದಿಂದ ಬರುವ ಸೂಚನೆಯನ್ನು ಆ ಸೂಜಿಮದ್ದು ಕೆಲವು ತಿಂಗಳು ತಡೆಹಿಡಿಯುತ್ತದೆ. ಅದು ಮೊದಲು ಔಷಧಿಯಾದದ್ದೇ ಮಾಲುಗಣ್ಣಿಗೆ. ಕಣ್ಣಿನ ಸುತ್ತ ಚುಚ್ಚಿಸಿಕೊಂಡವರ ಹುಬ್ಬಿನ ನಡುವಿನ ಗೆರೆ ಮಾಯವಾದದ್ದನ್ನು ಕೆನಡಾದ ಒಬ್ಬ ಕಣ್ಣಿನ ಡಾಕ್ಟರು ಗಮನಿಸಿ, ಚರ್ಮದ ಡಾಕ್ಟರಾದ ತಮ್ಮ ಗಂಡನಿಗೆ ಹೇಳಿದ್ದರಿಂದ ಸುಕ್ಕಿನ ವ್ಯಾಪಾರ ಶುರುವಾಯಿತು. ತಲೆಗೂದಲಿಗೆ ಹಚ್ಚುವ ಮಿನಾಕ್ಸಿಡಿಲ್ ಕೂಡ ಹಾಗೆಯೇ, ಹುಟ್ಟಿದ್ದು ಬಿಪಿ ಮಾತ್ರೆಯಾಗಿ. ಮಾತ್ರೆ ನುಂಗಿದವರ ಮೈಮೇಲೆಲ್ಲ ಕೂದಲು ಬಂತು.

ಪಿಸಿಒಡಿ ಅನ್ನುವ ಹಾರ್ಮೋನಿನ ಏರುಪೇರಿನಿಂದ ಗಲ್ಲದ ಮೇಲೆ ದಪ್ಪ ಕೂದಲು ಬರುತ್ತಿದ್ದ ಕಾಲೇಜು ಹುಡುಗಿಯೊಬ್ಬಳು ಲೇಸರ್‌ಗೆ ಬರುತ್ತಿದ್ದಳು. ಕೂದಲ ಬೇರಿನ ಕಪ್ಪು ಬಣ್ಣ ಆ ಬೆಳಕನ್ನು ಹೀರಿ ಬಿಸಿಯಾಗಿ ಸುಡುತ್ತದೆ. ನಮ್ಮ ಚರ್ಮದಲ್ಲೂ ಅದೇ ಬಣ್ಣ ಇರುವುದರಿಂದ ಯಂತ್ರದ ಅಳತೆ ತಪ್ಪಿದರೆ ಚರ್ಮವೂ ಸುಡುತ್ತದೆ. ಆಗ ಬಿಲ್ಲಿನಲ್ಲಿ ಅವಳಿಗೆ 18 ಪರ್ಸೆಂಟ್ ಜಿಎಸ್‌ಟಿ ಬೀಳುತ್ತಿತ್ತು, ನನಗೆ ಇರಲಿಲ್ಲ. ಕಾಯಿಲೆಗೆ ತೆರಿಗೆ ಇಲ್ಲ, ಅಂದಕ್ಕೆ ಇದೆ. ಬೆಳಗಾಗೆದ್ದು ಬಾಗಿಲು ಹಾಕಿಕೊಂಡು ಗಲ್ಲ ಕೆರೆದುಕೊಳ್ಳುವ ಹತ್ತೊಂಬತ್ತರ ಹುಡುಗಿಯದು ಅಂದವಂತೆ. ತೆರಿಗೆ ಇಲಾಖೆಯವರನ್ನು ಒಂದು ಶನಿವಾರ ಆ ಬೆಂಚಿನ ಮೇಲೆ ಕೂರಿಸಬೇಕು.

ನನಗೂ ಆಸೆ ಹುಟ್ಟಿತು. ಲೇಸರ್ ಮಾಡಿ ಅಂತ ದುಂಬಾಲು ಬಿದ್ದೆ. ಆಗಲ್ಲ ಅಂದರು; ಬಂಗಿನ ಮೇಲೆ ಲೇಸರ್ ಹಾಕಿದರೆ ನಮ್ಮಂಥ ಬಣ್ಣದವರಿಗೆ ತಿಂಗಳೊಪ್ಪತ್ತಿನಲ್ಲಿ ಇಮ್ಮಡಿ ಕಪ್ಪಾಗಿ ವಾಪಸು ಬರುವ ಅಥವಾ ಬಿಳಿ ಚುಕ್ಕೆ ಉಳಿಯುವ ಸಂಭವ ಹೆಚ್ಚು. ಮಾತ್ರೆ ಕೊಡಿ ಅಂದೆ. ಟ್ರಾನೆಕ್ಸಾಮಿಕ್ ಆಸಿಡ್ ಅಂತ ಇದೆ, ರಕ್ತಸ್ರಾವ ನಿಲ್ಲಿಸಲು ಕೊಡುವುದು, ಬಂಗಿಗೂ ಕೆಲಸ ಮಾಡುತ್ತದೆ. "ಮನೇಲಿ ಯಾರಿಗಾದರೂ ಕಾಲಲ್ಲಿ ರಕ್ತ ಹೆಪ್ಪುಗಟ್ಟಿತ್ತಾ?" ಅಂತ ಕೇಳಿದರು. ನನ್ನಮ್ಮನಿಗೆ ಆಗಿತ್ತು, ತಮ್ಮ ಹುಟ್ಟಿದಾಗ. ಅದೂ ಇಲ್ಲ ಅಂದರು. ದುಡ್ಡು ಕೊಡುತ್ತೇನೆ ಅಂದರೂ ಬೇಡ ಅನ್ನುವ ಅಂಗಡಿ ನಾನು ನೋಡಿದ್ದು ಅದೊಂದೇ. ನನ್ನ ತಂಗಿ ಅಷ್ಟು ಅದೃಷ್ಟವಂತೆಯಲ್ಲ. ಬೆಂಗಳೂರಿನ ಮಾಲೊಂದರಲ್ಲಿ ಆರು ಸಿಟ್ಟಿಂಗಿನ ಪ್ಯಾಕೇಜು ಅಂತ ಒಂದು ಕಡೆ ದುಡ್ಡು ಕಟ್ಟಿದಳು, ಯಂತ್ರ ಹಿಡಿದದ್ದು ಎರಡು ತಿಂಗಳ ಟ್ರೈನಿಂಗಿನ ಹುಡುಗಿ, ಡಾಕ್ಟರ ಮುಖ ಇವಳು ಕೊನೆಗೂ ನೋಡಲಿಲ್ಲ. ಕೆನ್ನೆಯ ಮೇಲೆ ಜಾಲರಿಯ ಹಾಗೆ ಸುಟ್ಟ ಗುರುತು ಮಾಸಲು ಒಂದು ವರ್ಷ ಹಿಡಿಯಿತು.

ಪೀಲ್ ಮಾತ್ರ ಆಯಿತು, ಅದೂ ಮುಖ ಪೂರ್ತಿ ಸುಧಾರಿಸಿದ ಮೇಲೆ, 2021ರ ಕೊನೆಯಲ್ಲಿ. ಗ್ಲೈಕಾಲಿಕ್ ಆಸಿಡ್ ಕಬ್ಬಿನಲ್ಲಿರುವ ಆಮ್ಲ. ಬಾಟಲಿಯಲ್ಲಿ ಬರುವುದು ಕಾರ್ಖಾನೆಯಲ್ಲಿ ತಯಾರಾದದ್ದು, ಆದರೂ ಮಂಡ್ಯದವಳಿಗೆ ಕೇಳಿ ಖುಷಿಯಾಯಿತು. ತಲೆಗೆ ಪಟ್ಟಿ ಕಟ್ಟಿ, ಕಣ್ಣಿನ ಮೂಲೆ, ಮೂಗಿನ ಬದಿ, ತುಟಿಯ ಅಂಚಿಗೆ ವ್ಯಾಸಲಿನ್ ಮೆತ್ತಿದರು. ನರ್ಸಮ್ಮ ಸಣ್ಣ ಫ್ಯಾನು ಹಿಡಿದು ನಿಂತರು. ಬ್ರಷ್ಷಿನಲ್ಲಿ ನೀರಿನಂಥದ್ದನ್ನು ಹಣೆಯಿಂದ ಶುರುಮಾಡಿ ಸರಸರ ಬಳಿದು, ಗಡಿಯಾರ ಒತ್ತಿದರು. ಮೊದಲ ನಿಮಿಷ ಏನೂ ಇಲ್ಲ. ಆಮೇಲೆ ಕೆಂಜಿಗ ಸಾಲುಸಾಲಾಗಿ ಹರಿದ ಹಾಗೆ. ಡಾಕ್ಟರಮ್ಮ ಕಣ್ಣು ಮಿಟುಕಿಸದೆ ಮುಖವನ್ನೇ ನೋಡುತ್ತಿದ್ದರು, ಎಲ್ಲಿ ಕೆಂಪಾಗುತ್ತದೆ, ಎಲ್ಲಿ ಬೆಳ್ಳಗಾಗುತ್ತದೆ ಅಂತ, ಹಾಲು ಉಕ್ಕುವುದನ್ನು ಕಾಯುವ ಹಾಗೆ. ಮೂರನೇ ನಿಮಿಷಕ್ಕೆ ಅಡುಗೆ ಸೋಡಾ ಬೆರೆಸಿದ ನೀರು. ಸುಯ್ಯೆಂದು ನೊರೆ ಎದ್ದು ಒಂದು ಕ್ಷಣ ಬಿಸಿಯೇರಿ ತಣ್ಣಗಾಯಿತು. ಒಂದು ವಾರ ಮುಖ ಒಣಗಿದ ಬಾಳೆಲೆಯ ಹಾಗೆ ಎದ್ದಿತು. ನಾಲ್ಕು ಸಲ ಮಾಡಿಸಿದೆ. ಒಂದಿಷ್ಟು ತಿಳಿಯಾಯಿತು. ಬೇಸಿಗೆಯ ಗಣತಿ ಕೆಲಸ ಬಂತು, ಅರ್ಧ ವಾಪಸು ಬಂತು. ಐದನೆಯದಕ್ಕೆ ನಾನೇ ಹೋಗಲಿಲ್ಲ.

ಈಗ ಉಳಿದಿರುವುದು ಸನ್‌ಸ್ಕ್ರೀನು, ಅಜೆಲೇಯಿಕ್ ಆಸಿಡ್‌ನ ಒಂದು ಕ್ರೀಮು, ಒಂದು ಛತ್ರಿ. ಸನ್‌ಸ್ಕ್ರೀನು ತೋರುಬೆರಳು ಮತ್ತು ನಡುಬೆರಳಿನ ಉದ್ದಕ್ಕೆ ಎರಡು ಗೆರೆ ಎಳೆದರೆ ಒಂದು ಸಲದ ಅಳತೆ, ಮುಖಕ್ಕೂ ಕತ್ತಿಗೂ ಸೇರಿ. ಬಂಗಿಗೆ ಬಣ್ಣ ಬೆರೆಸಿದ್ದೇ ಆಗಬೇಕು, ಅದರಲ್ಲಿರುವ ಕಬ್ಬಿಣದ ಆಕ್ಸೈಡು ಕಣ್ಣಿಗೆ ಕಾಣುವ ಬೆಳಕನ್ನೂ ತಡೆಯುತ್ತದೆ. ಆ ಅಳತೆಗೆ ಹಚ್ಚಿದರೆ ಟ್ಯೂಬು ತಿಂಗಳಿಗೊಂದು ಬೇಕು. ಟೀಚರ ಸಂಬಳಕ್ಕೂ ಇದು ಭಾರವೇ, ಗದ್ದೆಯಲ್ಲಿ ನಾಟಿ ಮಾಡುವ ಹೆಂಗಸಿಗೆ ಈ ಸಲಹೆ ಕೊಡಲು ನನಗಂತೂ ಬಾಯಿ ಬರುವುದಿಲ್ಲ. ಅವಳಿಗೆ ಅಗಲ ಅಂಚಿನ ಟೋಪಿ, ಸೆರಗು. ಪ್ರಾರ್ಥನೆಯಲ್ಲಿ ಛತ್ರಿ ಹಿಡಿದು ನಿಂತ ಮೊದಲ ದಿನ ಮಕ್ಕಳು ಕಿಸಿಕಿಸಿ ನಕ್ಕವು. ಈಗ ಮಕ್ಕಳ ದಿಕ್ಕನ್ನೇ ಬದಲಿಸಿದ್ದೇವೆ, ಎಲ್ಲರೂ ಉತ್ತರಕ್ಕೆ. ಬಂಗು ಇದೆ. ಹತ್ತಿರದಿಂದ ನೋಡಿದವರಿಗೆ ಕಾಣುತ್ತದೆ.

ಕಳೆದ ತಿಂಗಳು ಸನ್‌ಸ್ಕ್ರೀನಿಗೆ ಅಂತ ಅದೇ ಮೆಡಿಕಲ್ ಶಾಪಿಗೆ ಹೋಗಿದ್ದೆ. ನನ್ನ ಮುಂದೆ ಕಾಲೇಜಿನ ಒಬ್ಬ ಹುಡುಗಿ, ಇಪ್ಪತ್ತು ಇರಬಹುದು. ಖಾಲಿ ಟ್ಯೂಬು ಕೌಂಟರಿನ ಮೇಲಿಟ್ಟಳು. ಬಾಲ ಮಡಿಸಿ, ಒತ್ತಿ, ಚಪ್ಪಟೆ ಮಾಡಿದ್ದು. ನನಗೆ ಹೆಸರು ಓದುವ ಅಗತ್ಯ ಬೀಳಲಿಲ್ಲ. ಅಂಗಡಿಯವನು ಹಿಂತಿರುಗಿ ನೋಡದೆ ಕೈ ಚಾಚಿ ಶೆಲ್ಫಿನಿಂದ ತೆಗೆದ. ನಾನು ತಡೆಯಲಾರದೆ, "ಮಗಾ, ಅದನ್ನ ಡಾಕ್ಟರ್ ಬರೆದುಕೊಟ್ಟಿದ್ದಾರಾ? ಅದರಲ್ಲಿ ಸ್ಟೀರಾಯ್ಡ್ ಇದೆ, ನಾನು ಆರು ವರ್ಷ…" ಅಂತ ಶುರುಮಾಡಿದೆ.

ಹುಡುಗಿ ಸಿಟ್ಟಾಗಲಿಲ್ಲ. ನನ್ನ ಎರಡೂ ಕೆನ್ನೆಯನ್ನು ನಿಧಾನವಾಗಿ ನೋಡಿದಳು. ಮುಖದಲ್ಲಿ ನಿಜವಾದ ಕನಿಕರ ಇತ್ತು.

"ಬಿಡ್ಬಾರ್ದಿತ್ತು ಆಂಟಿ" ಅಂದಳು. "ಮತ್ತೆ ಹಚ್ಚಿ, ಹೋಗತ್ತೆ."